ಇಂಧನ ನಿಕ್ಷೇಪಗಳ ಸವಕಳಿ ಮತ್ತು ರಾಷ್ಟ್ರೀಯ ಆದಾಯ

ಯಂತ್ರಗಳ ಸವಕಳಿಯನ್ನು ಕಳೆಯದೆ ಲಾಭ ತೋರಿಸಿದ ಕಾರ್ಖಾನೆಯ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕರೂ ಒಪ್ಪುವುದಿಲ್ಲ. ಆದರೆ ದೇಶಗಳ ಲೆಕ್ಕದಲ್ಲಿ ಇಂತಹುದೇ ಲೋಪವು ಬಹುಕಾಲ ಉಳಿದುಬಂದಿತು. ಭೂಗರ್ಭದಿಂದ ತೆಗೆದ ಕಲ್ಲಿದ್ದಲು, ಕಚ್ಚಾತೈಲ ಹಾಗೂ ನೈಸರ್ಗಿಕ ಅನಿಲದ ಮೌಲ್ಯವು ಆದಾಯವೆಂದು ಜಮೆಯಾಗುತ್ತಿತ್ತು. ನಿಕ್ಷೇಪವು ಅಷ್ಟರಮಟ್ಟಿಗೆ ಕರಗಿದುದು ಖರ್ಚಿನ ಬಾಬಿನಲ್ಲಿ ಕಾಣುತ್ತಿರಲಿಲ್ಲ.

ಈ ಕೊರತೆಯನ್ನು ತುಂಬಲು ವಿಶ್ವಬ್ಯಾಂಕು ‘ಇಂಧನ ಸವಕಳಿ’ ಎಂಬ ಅಳತೆಯನ್ನು ರೂಪಿಸಿತು. ಅದರ ಕ್ರಮ ಹೀಗಿದೆ:

1. ಇಂಧನದ ಬೆಲೆಯಿಂದ ಹೊರತೆಗೆಯುವ ವೆಚ್ಚವನ್ನೂ ಬಂಡವಾಳದ ಸಾಮಾನ್ಯ ಪ್ರತಿಫಲವನ್ನೂ ಕಳೆಯಬೇಕು. ಉಳಿಯುವುದೇ ಸಂಪನ್ಮೂಲದ ಗೇಣಿ.
2. ನಿಕ್ಷೇಪವು ಮುಗಿಯುವವರೆಗೆ ದೊರೆಯಬಹುದಾದ ಗೇಣಿಯ ಇಂದಿನ ಮೌಲ್ಯವನ್ನು ಕಂಡುಹಿಡಿಯಬೇಕು.
3. ಅದನ್ನು ನಿಕ್ಷೇಪದ ಉಳಿದ ಆಯುಷ್ಯದಿಂದ ಭಾಗಿಸಿ, ಒಟ್ಟು ರಾಷ್ಟ್ರೀಯ ಆದಾಯದ ಶೇಕಡಾವಾರಿನಲ್ಲಿ ಹೇಳಬೇಕು.

ಉದಾಹರಣೆಗೆ, ಒಂದು ಕಲ್ಪಿತ ದೇಶದ ರಾಷ್ಟ್ರೀಯ ಆದಾಯ 10,000 ಕೋಟಿ ರೂ., ನಿಕ್ಷೇಪದ ಇಂದಿನ ಮೌಲ್ಯ 12,000 ಕೋಟಿ ರೂ., ಉಳಿದ ಆಯುಷ್ಯ 20 ವರ್ಷ ಎಂದಿಟ್ಟುಕೊಳ್ಳೋಣ. ಆಗ ವಾರ್ಷಿಕ ಸವಕಳಿ 600 ಕೋಟಿ ರೂ., ಅಂದರೆ ಆದಾಯದ ಶೇ. 6. ಆ ದೇಶದ ನಿವ್ವಳ ಉಳಿತಾಯ ಶೇ. 5 ಮಾತ್ರವಾಗಿದ್ದರೆ, ಉಳಿಸುತ್ತಿರುವಂತೆ ಕಂಡರೂ ಅದು ತನ್ನ ಮೂಲಧನವನ್ನೇ ಉಣ್ಣುತ್ತಿದೆ.

ಇದು ಬರಿಯ ತರ್ಕವಲ್ಲ. ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1971ರಿಂದ 1984ರವರೆಗೆ ಇಂಡೋನೇಷ್ಯಾದ ಉತ್ಪನ್ನವು ವರ್ಷಕ್ಕೆ ಸರಾಸರಿ ಶೇ. 7.1ರಷ್ಟು ಬೆಳೆದಿತ್ತು. ತೈಲ, ಅರಣ್ಯ ಮತ್ತು ಮಣ್ಣಿನ ನಷ್ಟವನ್ನು ಕಳೆದಾಗ ಉಳಿದುದು ಶೇ. 4.0 ಮಾತ್ರ. ಇದಕ್ಕೆ ಭಿನ್ನವಾಗಿ ನಾರ್ವೆಯು 1990ರಲ್ಲಿ ಕಾನೂನು ಮಾಡಿ, 1996ರಿಂದ ತೈಲದ ಹಣವನ್ನು ನಿಧಿಯಲ್ಲಿ ತೊಡಗಿಸತೊಡಗಿತು. ಹೀಗೆ ನೆಲದಡಿಯ ಆಸ್ತಿಯು ಹಣಕಾಸಿನ ಆಸ್ತಿಯಾಗಿ ಮಾರ್ಪಟ್ಟಿತು.

ಈ ಅಳತೆಯನ್ನು ಓದುವಾಗ ಎರಡು ಎಚ್ಚರಗಳು ಅಗತ್ಯ. ತೈಲದ ಬೆಲೆ ಏರಿದರೆ, ಹೆಚ್ಚು ತೆಗೆಯದಿದ್ದರೂ ಶೇಕಡಾ ಪ್ರಮಾಣ ಏರಬಹುದು. ಜಪಾನಿನಂತೆ ಇಂಧನವನ್ನು ಬಹುಪಾಲು ಆಮದು ಮಾಡಿಕೊಳ್ಳುವ ದೇಶದಲ್ಲಿ ಸವಕಳಿ ಅತ್ಯಲ್ಪವಾಗಿರುವುದು ಮಿತವ್ಯಯದ ಗುರುತಲ್ಲ.

ವಿಶ್ವಸಂಸ್ಥೆಯ ಅಂಕಿಅಂಶ ಆಯೋಗವು 2025ರ ಮಾರ್ಚ್‌ನಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಲೆಕ್ಕಪದ್ಧತಿಯಲ್ಲಿ ಇಂತಹ ಸವಕಳಿಯನ್ನು ಉತ್ಪಾದನಾ ವೆಚ್ಚವೆಂದೇ ಪರಿಗಣಿಸಲಾಗಿದೆ. ಆದರೂ ಪತ್ರಿಕೆಗಳಲ್ಲಿ ಕಾಣುವ ಒಟ್ಟು ದೇಶೀಯ ಉತ್ಪನ್ನದಲ್ಲಿ ಅದನ್ನು ಕಳೆದಿರುವುದಿಲ್ಲ. ಆದುದರಿಂದ ತೈಲ ಮಾರುವ ದೇಶಗಳಿಗೆ ಸರಕು ಕಳುಹಿಸುವ ನಮ್ಮ ಉದ್ಯಮಿಗಳು, ದೀರ್ಘಾವಧಿಯ ಕರಾರು ಅಥವಾ ಸಾಲದ ಮಾರಾಟಕ್ಕೆ ಮುನ್ನ, ಆ ದೇಶದ ಬೆಳವಣಿಗೆಯ ದರದ ಪಕ್ಕದಲ್ಲಿ ಸವಕಳಿ ಮತ್ತು ಉಳಿತಾಯಗಳನ್ನೂ ಇಟ್ಟು ನೋಡುವುದು ಉಚಿತ.