ಚಳಿ ಬರೋ ಮುಂಚೆ ಬಚ್ಚಲೊಲೆ ಸರಿಮಾಡ್ಕೊಳ್ಳಿ: ಸೌದೆ, ಕರೆಂಟು ಎರಡೂ ಉಳಿಸೋ ಪಾಠ

ಚಳಿಗಾಲಕ್ಕೆ ಮನೆ ಸಿದ್ಧತೆ ಹೇಗೆ ಅಂತ ಮೊಬೈಲ್‌ನಲ್ಲಿ ಹುಡುಕಿ ನೋಡಿ. ಕಿಟಕಿ ಸಂದು ಮುಚ್ಚಿ, ರೂಮ್ ಹೀಟರ್ ರಿಪೇರಿ ಮಾಡಿಸಿ ಅಂತ ಬರುತ್ತೆ. ಅದೆಲ್ಲ ಹಿಮ ಬೀಳೋ ದೇಶದ ಮಾತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಡಿಸೆಂಬರ್–ಜನವರಿಯ ಬೆಳಗಿನ ಜಾವವೂ 16 ಡಿಗ್ರಿ ಆಸುಪಾಸಿನಲ್ಲೇ ಇರುತ್ತೆ. ನಾವು ಮನೆ ಕಾಯಿಸೋರಲ್ಲ, ಸ್ನಾನದ ನೀರು ಕಾಯಿಸೋರು. ಚಳಿಗಾಲದಲ್ಲಿ ಹೆಚ್ಚಾಗೋ ಖರ್ಚು ಬಹುಪಾಲು ಬಚ್ಚಲು ಮನೆಯಲ್ಲೇ ಆಗುತ್ತೆ. ಅದಕ್ಕೇ ಈ ವಾರದ ಪಾಠ ಹಂಡೆಯ ಸುತ್ತ.

ಮೊದಲು ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಒಂದು ಯೂನಿಟ್ ಕರೆಂಟು ಅಂದ್ರೆ 3600 ಕಿಲೋಜೂಲ್. ಒಬ್ಬರ ಸ್ನಾನಕ್ಕೆ 20 ಲೀಟರ್ ನೀರು, 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬೇಕು ಅಂತಿಟ್ಕೊಳ್ಳಿ. 20 × 20 × 4.2 = 1680 ಕಿಲೋಜೂಲ್. ಪೋಲಾಗೋದೂ ಸೇರಿಸಿದ್ರೆ ಅರ್ಧ ಯೂನಿಟ್. ಮನೇಲಿ ಐದು ಜನ ಇದ್ರೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75 ಯೂನಿಟ್.

ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ ತಾನೇ ಅಂತೀರಾ? 200 ಅನ್ನೋದು ಗರಿಷ್ಠ ಮಿತಿ. ನಿಮ್ಮ ಮನೆಗೆ ಸಿಗೋದು 2022–23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಹೆಚ್ಚುವರಿ ಅಷ್ಟೇ. ಆಗ ಸೌದೆಯಲ್ಲಿ ನೀರು ಕಾಯಿಸ್ತಿದ್ದು ಈಗ ಗೀಸರ್ ಹಾಕಿಸಿದ್ರೆ, ಮಿತಿ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಬೆಸ್ಕಾಂ ಬಿಲ್ ತೆಗೆದು ನಿಮ್ಮ ಮಿತಿ ಎಷ್ಟು ಅಂತ ಇವತ್ತೇ ನೋಡ್ಕೊಳ್ಳಿ.

ಹಸಿ ಸೌದೆ ನೀರು ಕಾಯಿಸಲ್ಲ, ತನ್ನನ್ನೇ ಒಣಗಿಸಿಕೊಳ್ಳುತ್ತೆ

ನಮ್ಮ ಜಿಲ್ಲೆಗೊಂದು ತೊಂದರೆ ಇದೆ. ಇಲ್ಲಿ ಒಳ್ಳೆ ಮಳೆ ಬರೋದೇ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಅದರ ಬೆನ್ನಿಗೇ ಚಳಿ ಶುರು. ಅಂದ್ರೆ ಸೌದೆ ಜಾಸ್ತಿ ಬೇಕಾಗೋ ಹೊತ್ತಿಗೆ ಸರಿಯಾಗಿ ಸೌದೆ ನೆಂದಿರುತ್ತೆ.

ಆಗಷ್ಟೇ ಕಡಿದ ಜಾಲಿಯಂಥ ಕಟ್ಟಿಗೆಯಲ್ಲಿ ತೂಕದ ಅರ್ಧದ ಹತ್ತಿರ ನೀರೇ ಇರಬಹುದು. ಆ ನೀರು ಆವಿಯಾಗಿ ಹೋಗೋವರೆಗೆ ಬೆಂಕಿ ಸರಿಯಾಗಿ ಹತ್ತಲ್ಲ. ಒಂದು ಲೀಟರ್ ನೀರನ್ನು ಆವಿ ಮಾಡೋಕೆ ಹೋಗೋ ಶಾಖದಲ್ಲಿ 25 ಲೀಟರಿಗಿಂತ ಹೆಚ್ಚು ನೀರನ್ನು 20 ಡಿಗ್ರಿ ಬಿಸಿ ಮಾಡಬಹುದು. ಹಸಿ ಸೌದೆಯಲ್ಲಿರೋ ಒಂದೊಂದು ಲೀಟರ್ ನೀರೂ ಒಬ್ಬರ ಸ್ನಾನದ ಶಾಖ ನುಂಗುತ್ತೆ ಅಂತ ಲೆಕ್ಕ ಇಟ್ಕೊಳ್ಳಿ. ಮೇಲಿಂದ ಹೊಗೆ ಬೇರೆ. ಆ ಹೊಗೆ ಕುಡಿಯೋರು ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚೋ ಅಮ್ಮ, ಅಜ್ಜಿ. ಅವರ ಕೆಮ್ಮು ನಿಮ್ಮ ಬಿಲ್ಲಿನಲ್ಲಿ ಕಾಣಲ್ಲ.

ಏನು ಮಾಡಬೇಕು:

- ದಪ್ಪ ಕೊರಡನ್ನು ಈಗಲೇ ಸೀಳಿ, ಮಣಿಕಟ್ಟಿನ ಗಾತ್ರಕ್ಕೆ. ಸೀಳಿದ್ದು ಬೇಗ ಒಣಗುತ್ತೆ, ಚೆನ್ನಾಗಿ ಉರಿಯುತ್ತೆ.
- ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ಒಟ್ಟಿ. ಟಾರ್ಪಾಲ್ ಮೇಲ್ಗಡೆ ಮಾತ್ರ ಇರಲಿ, ಪಕ್ಕ ಗಾಳಿಯಾಡಲಿ. ಸುತ್ತಲೂ ಮುಚ್ಚಿದ್ರೆ ಒಳಗೇ ಬೆವರುತ್ತೆ.
- ಎರಡು ತುಂಡು ಒಂದಕ್ಕೊಂದು ಬಡೀರಿ. ಟಣ್ ಅಂದ್ರೆ ಒಣಗಿದೆ, ದಬ್ ಅಂದ್ರೆ ಇನ್ನೂ ಹಸಿ. ತುದಿಯಲ್ಲಿ ಬಿರುಕು ಬಿಟ್ಟಿದ್ರೂ ಒಣಗಿದೆ ಅಂತ ಅರ್ಥ.
- ರಾಶಿಯಿಂದ ಕಟ್ಟಿಗೆ ಎಳೆಯುವಾಗ ಬರಿಗೈ ಹಾಕಬೇಡಿ. ಚೇಳು, ಹಾವು ಸೇರಿಕೊಳ್ಳೋ ಜಾಗ ಅದು.

ಯಾವುದು ಒಲೆಗೆ, ಯಾವುದು ಹೊಲಕ್ಕೆ

ತೆಂಗಿನ ಕರಟ, ತೊಗರಿ ಕಟ್ಟಿಗೆ, ಮೆಕ್ಕೆಜೋಳದ ದಿಂಡು ಒಲೆಗೆ ಒಳ್ಳೇದು. ತೆಂಗಿನ ಸಿಪ್ಪೆಯನ್ನು ಮಾತ್ರ ಪೂರ್ತಿ ಸುಡಬೇಡಿ. ಅದರಲ್ಲಿ ಪೊಟ್ಯಾಷ್ ಇದೆ, ನೀರು ಹಿಡಿದಿಡೋ ಗುಣ ಇದೆ. ಮಳೆ ನಿಲ್ಲೋ ಹೊತ್ತಿಗೆ ತೆಂಗಿನ ಪಾತಿಯಲ್ಲಿ ಹೊದಿಕೆ ಹಾಕಿದ್ರೆ ಬೇಸಿಗೆಯಲ್ಲಿ ಪಂಪ್‌ಸೆಟ್ ಓಡೋದು ಕಡಿಮೆಯಾಗುತ್ತೆ. ಅದೂ ಶಕ್ತಿ ಉಳಿತಾಯವೇ. ಒಲೆ ಬೂದಿಯನ್ನೂ ಪಾತಿಗೆ ತೆಳ್ಳಗೆ ಹರಡಬಹುದು. ಯೂರಿಯಾ ಜೊತೆ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತೆ.

ಹೊಳಲ್ಕೆರೆ, ಭೀಮಸಮುದ್ರ ಕಡೆ ಅಡಿಕೆ ಬೇಯಿಸೋ ಮನೆಗಳಿಗೆ ಇನ್ನೊಂದು ದಾರಿ ಇದೆ. ಕೊನೇ ಬೇಯಿಸು ಇಳಿಸಿದ ಮೇಲೆ ಒಲೆಯಲ್ಲಿ ಕೆಂಡ ಉಳಿದಿರುತ್ತೆ. ನೀರಿನ ಪಾತ್ರೆ ಇಟ್ಟು ಮುಚ್ಚಿದ್ರೆ ಸಂಜೆ ಸ್ನಾನಕ್ಕೆ ಬೇರೆ ಬೆಂಕಿ ಬೇಡ.

ಒಲೆ ಮತ್ತು ಹಂಡೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಅನ್ನೋ ತಂಡ ಶುರುವಾಯ್ತು. ಅವರು ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಮುತ್ತ ಹಳ್ಳಿ ಮನೆಗಳ ಶಕ್ತಿ ಲೆಕ್ಕ ಹಾಕಿದಾಗ ಹೆಚ್ಚಿನ ಪಾಲು ಸೌದೆಯದ್ದೇ ಅಂತ ಕಂಡಿತು. ಅದೂ ಅಡುಗೆಗೆ, ಸ್ನಾನದ ನೀರಿಗೆ. ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ. ಅದರ ತತ್ವ ಸರಳ: ಬೆಂಕಿ ಸುತ್ತ ಮುಚ್ಚಿದ ಗೂಡು, ಕೆಳಗೆ ಗಾಳಿ ಬರೋಕೆ ಜಾಲರಿ, ಹೊಗೆ ಹೋಗೋಕೆ ಕೊಳವೆ.

ನಿಮ್ಮ ಬಚ್ಚಲೊಲೆಗೂ ಇದೇ ತತ್ವ ಸಾಕು. ಸೌದೆ ಕೆಳಗೆ ಕಬ್ಬಿಣದ ಜಾಲರಿ ಇಡಿ. ಹಂಡೆಗೂ ಒಲೆಗೂ ನಡುವಿನ ದೊಡ್ಡ ಸಂದನ್ನು ಮಣ್ಣು ಮೆತ್ತಿ ಕಿರಿದು ಮಾಡಿ, ಹೊಗೆ ದಾರಿ ಮಾತ್ರ ತೆರೆದಿರಲಿ. ಹೊಗೆ ಕೊಳವೆ ಬಡಿದು ಮಸಿ ಉದುರಿಸಿ. ಹಂಡೆ ಹೊರಗಿನ ದಪ್ಪ ಮಸಿ, ಒಳಗಿನ ಉಪ್ಪಿನ ಪದರ ಎರಡನ್ನೂ ಕೆರೆದು ತೆಗೀರಿ. ಬೋರ್ ನೀರು ಗಡಸು ಇರೋ ಕಡೆ ಆ ಪದರ ಶಾಖವನ್ನು ತಡೆಯುತ್ತೆ. ಹಂಡೆ ಮೇಲೆ ಮುಚ್ಚಳ ಇರಲೇಬೇಕು.

ದುಡ್ಡಿಲ್ಲದ ಉಪಾಯ ಇನ್ನೊಂದು: ಕಪ್ಪು ಡ್ರಮ್‌ನಲ್ಲಿ ನೀರು ತುಂಬಿ ಮಧ್ಯಾಹ್ನ ಬಿಸಿಲಿಗಿಡಿ. 20 ಡಿಗ್ರಿ ಬದಲು 27ರಿಂದ ಕಾಯಿಸೋಕೆ ಶುರುಮಾಡಿದ್ರೆ ಶಾಖದಲ್ಲಿ ಮೂರನೇ ಒಂದು ಭಾಗ ಉಳೀತು. ಸಂಜೆ ಸ್ನಾನ ಮಾಡೋರಿಗೆ ಇದು ಪೂರ್ತಿ ಲಾಭ.

ಸೋಲಾರ್ ಇದ್ರೆ ಗಾಜು ಒರೆಸಿ, ಬಿಸಿನೀರಿನ ಪೈಪಿನ ಹೊದಿಕೆ ಹರಿದಿದ್ರೆ ಸುತ್ತಿಸಿ. ಗೋಬರ್ ಗ್ಯಾಸ್ ಇದ್ರೆ ಚಳಿಗೆ ಅನಿಲ ಕಡಿಮೆಯಾಗುತ್ತೆ. ಸಗಣಿ ಕಲಸೋಕೆ ಬಿಸಿಲಲ್ಲಿಟ್ಟ ನೀರು ಬಳಸಿ, ಗುಮ್ಮಟದ ಮೇಲೆ ಒಣಹುಲ್ಲು ಹೊದಿಸಿ.

ಇದರಲ್ಲಿ ಉಳಿತಾಯ ನೋಡಬೇಡಿ

ಬಚ್ಚಲಿನ ಕಿಂಡಿಯನ್ನು ಚಳಿ ಅಂತ ಮುಚ್ಚಬೇಡಿ. ಗ್ಯಾಸ್ ಗೀಸರ್ ಆಗಲಿ, ಕೆಂಡ ಆಗಲಿ, ಮುಚ್ಚಿದ ಕೋಣೆಯಲ್ಲಿ ಇಂಗಾಲದ ಮೊನಾಕ್ಸೈಡ್ ತುಂಬುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿ ಬಿದ್ದವರು ಬಾಗಿಲು ತೆಗೆಯೋಕೂ ಆಗದೆ ಸತ್ತಿದ್ದಾರೆ. ಗ್ಯಾಸ್ ಗೀಸರ್ ಬಚ್ಚಲಿಂದ ಹೊರಗಿರಲಿ.

ವಾಟರ್ ಹೀಟರ್ ರಾಡ್ ಬಳಸೋರು: 1500 ವ್ಯಾಟ್ ರಾಡ್ ಆರೂವರೆ ಆಂಪಿಯರ್ ಎಳೆಯುತ್ತೆ. ಸಣ್ಣ ಸಾಕೆಟ್ ತಡೆಯಲ್ಲ, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಿ. 20 ಲೀಟರಿಗೆ ಇಪ್ಪತ್ತು ನಿಮಿಷ ಸಾಕು, ಮೊಬೈಲ್‌ನಲ್ಲಿ ಅಲಾರಂ ಇಡಿ.

ಈ ಭಾನುವಾರದೊಳಗೆ

1. ಬಿಲ್ ನೋಡಿ ಗೃಹಜ್ಯೋತಿ ಮಿತಿ ಬರೆದಿಟ್ಕೊಳ್ಳಿ.
2. ಒಂದು ವಾರ ಬೆಳಿಗ್ಗೆ 5ಕ್ಕೆ, 9ಕ್ಕೆ ಮೀಟರ್ ಫೋಟೋ ತೆಗೀರಿ. ಆ ನಾಲ್ಕು ಗಂಟೆಯಲ್ಲಿ ಎಷ್ಟು ಯೂನಿಟ್ ಓಡುತ್ತೆ ಗೊತ್ತಾಗುತ್ತೆ.
3. ಸೌದೆ ಸೀಳಿ, ಎತ್ತರಿಸಿ ಒಟ್ಟಿ.
4. ಹಂಡೆ ಕೆರೆದು ಮುಚ್ಚಳ ಮಾಡಿಸಿ, ಒಲೆಗೆ ಜಾಲರಿ ಇಡಿ.
5. ಬಚ್ಚಲಿನ ಕಿಂಡಿ ತೆರೆದಿದೆಯಾ ನೋಡಿ.

ಐದರಲ್ಲಿ ನಾಲ್ಕಕ್ಕೆ ಹೆಚ್ಚು ದುಡ್ಡು ಬೇಕಿಲ್ಲ, ಜಾಲರಿ ಮತ್ತು ಮುಚ್ಚಳಕ್ಕೆ ಮಾತ್ರ ಸ್ವಲ್ಪ ಖರ್ಚು. ಒಬ್ಬರೇ ಮಾಡಬೇಡಿ, ದಿನಾ ಒಲೆ ಹಚ್ಚೋರನ್ನ ಜೊತೆಗೆ ಕೂರಿಸ್ಕೊಂಡು ಮಾಡಿ. ಎಲ್ಲಿ ಹೊಗೆ ಬರುತ್ತೆ, ಎಲ್ಲಿ ಬೆಂಕಿ ಪೋಲಾಗುತ್ತೆ ಅನ್ನೋದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.