ಉಬ್ಬಿದ ರೊಟ್ಟಿಯೊಳಗಿನ ಉಗಿ

ಬಾಗಲಕೋಟೆ, ಇಳಕಲ್‌ಗಳ ಖಾನಾವಳಿಗಳಲ್ಲಿ ಉಂಡವರು ಹಂಚಿನ ಮೇಲೆ ಜೋಳದ ರೊಟ್ಟಿಯು ಉಬ್ಬುವುದನ್ನು ಕಂಡೇ ಇರುತ್ತಾರೆ. ಅದನ್ನು ಉಬ್ಬಿಸುವ ಶಕ್ತಿ ಯಾವುದು?

ಗೋದಿಯ ಹಿಟ್ಟಿಗೆ ನೀರು ಸೇರಿದಾಗ ಅದರ ಪ್ರೋಟೀನುಗಳು ಗ್ಲುಟೆನ್ ಎಂಬ ಜಿಗುಟಾದ ಜಾಲವಾಗಿ ಕಣಕವನ್ನು ಹಿಡಿದಿಡುತ್ತವೆ. ಜೋಳದಲ್ಲಿ ಇದಿಲ್ಲ; ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿಯು ಬಡಿಯುವಾಗಲೇ ಬಿರಿಯುತ್ತದೆ. ಆದುದರಿಂದಲೇ ಹಿಟ್ಟಿಗೆ ಕುದಿಯುವ ಎಸರನ್ನು ಹಾಕುವರು. ಆ ಬಿಸಿಗೆ ಪಿಷ್ಟದ ಕಣಗಳು ನೀರನ್ನು ಹೀರಿ ಅಂಟಾಗುತ್ತವೆ. ಈ ಅಂಟೇ ಹಿಟ್ಟನ್ನು ಬಂಧಿಸುತ್ತದೆ.

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಸವರುವುದರಿಂದ ಮೇಲ್ಪದರವು ಬೇಗನೆ ಒಣಗಿ ಬಿರಿಯುವುದಿಲ್ಲ. ಎರಡೂ ಮಗ್ಗುಲು ಬೇಯುತ್ತಿರಲು ಒಳಗಿನ ನೀರು ಉಗಿಯಾಗುತ್ತದೆ. 1 ಗ್ರಾಂ ನೀರಿನ ಉಗಿಗೆ ಸುಮಾರು 1,670 ಘನ ಸೆಂಟಿಮೀಟರು ಸ್ಥಳ ಬೇಕು. ಹೊರಹೋಗಲು ಬಿರುಕಿಲ್ಲದೆ ಅದು ಪದರಗಳನ್ನು ಬೇರ್ಪಡಿಸಿ ರೊಟ್ಟಿಯನ್ನು ಉಬ್ಬಿಸುತ್ತದೆ.

ಇಲ್ಲಿಯೇ ಅಪಾಯವೂ ಇದೆ. 1 ಗ್ರಾಂ ಕುದಿನೀರು ಉಗಿಯಾಗಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಹೀರುತ್ತದೆ. ಉಬ್ಬಿದ ರೊಟ್ಟಿಯು ಒಡೆದರೆ, ಉಗಿಯು ಬೆರಳಿನ ಮೇಲೆ ಮತ್ತೆ ನೀರಾಗಿ ಅಷ್ಟೂ ಉಷ್ಣವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ಅದೇ ತೂಕದ ಕುದಿನೀರಿಗಿಂತ ಉಗಿಯು ಹೆಚ್ಚು ಸುಡುವುದು ಇದರಿಂದಲೇ. ದಿನವೆಲ್ಲ ಒಲೆಯ ಮುಂದೆ ಕುಳಿತು ರೊಟ್ಟಿ ಬೇಯಿಸುವ ತಾಯಂದಿರ ಬೆರಳುಗಳನ್ನು ನೋಡಿದವರಿಗೆ ಈ ಅಂಕಿಯ ಅರ್ಥವು ಪಠ್ಯಪುಸ್ತಕಕ್ಕಿಂತ ಬೇಗನೆ ತಿಳಿದೀತು.

ವಿದ್ಯಾರ್ಥಿಗಳು ಮನೆಯಲ್ಲಿ ತಣ್ಣೀರಿನ ಹಿಟ್ಟಿನಿಂದ ಒಂದು, ಎಸರಿನ ಹಿಟ್ಟಿನಿಂದ ಒಂದು ರೊಟ್ಟಿ ಮಾಡಿಸಿ, ಉಗಿಯು ಎಲ್ಲಿಂದ ಸೋರುವುದೆಂಬುದನ್ನು ಪರೀಕ್ಷಿಸಿರಿ. ಕೈಯನ್ನು ಮಾತ್ರ ದೂರವಿಡಿರಿ.