ವಾರದ ದಣಿವಿಗೆ ಹೊಲದ ಬದು, ಹೊಳೆಯ ದಂಡೆ

ಕಳೆದ ಚಳಿಗಾಲದಲ್ಲಿ ನಲವತ್ತರ ಆಸುಪಾಸಿನ ಒಬ್ಬರು ನನ್ನ ದವಾಖಾನೆಗೆ ಬಂದರು. ಮನೆ ಜೇವರ್ಗಿಯಲ್ಲಿ, ನೌಕರಿ ಕಲಬುರಗಿಯಲ್ಲಿ, ದಿನವೂ ಬಸ್ಸಿನ ಓಡಾಟ. "ಹಕೀಂ ಸಾಬ್, ರಾತ್ರಿ ನಿದ್ದಿ ಬರಲ್ರಿ. ಮುಂಜಾನೆ ತಲಿ ಭಾರ ಇರ್ತದ. ಮಕ್ಕಳು ಮಾತಾಡಿಸಿದ್ರ ಸಿಟ್ಟು ಬರ್ತದ. ಏನರ ಒಂದು ಗುಳಿಗಿ ಕೊಡ್ರಿ" ಎಂದರು.

ಪರೀಕ್ಷಿಸಿದೆ. ಸಕ್ಕರೆ ಸರಿಯಾಗಿತ್ತು, ರಕ್ತದೊತ್ತಡ ತುಸು ಹೆಚ್ಚಿತ್ತು. "ಹೊಲಕ್ಕೆ ಹೋಗಿ ಎಷ್ಟು ದಿನವಾಯಿತು?" ಎಂದು ಕೇಳಿದೆ. "ಹೊಲ ಅಣ್ಣ ನೋಡ್ಕೋತಾನ್ರಿ, ನಾ ಹೋಗಿ ವರ್ಷ ಆಯ್ತು" ಎಂದರು. ಕಟ್ಟಿಸಂಗಾವಿ ಸೇತುವೆಯ ಮೇಲೆ ದಿನಕ್ಕೆರಡು ಸಲ ಭೀಮಾ ನದಿ ದಾಟುವ ಅವರಿಗೆ ಈಗ ಹೊಳೆಯಲ್ಲಿ ನೀರೆಷ್ಟಿದೆ ಎಂಬುದೂ ತಿಳಿದಿರಲಿಲ್ಲ. ಬಸ್ಸಿನಲ್ಲಿ ಕುಳಿತಾಗ ಕಣ್ಣು ಮೊಬೈಲ್ ಮೇಲೆ ಇರುತ್ತಿತ್ತು. ನಮ್ಮಲ್ಲಿ ಅನೇಕರ ಸ್ಥಿತಿ ಇದೇ ಅಲ್ಲವೇ?

ಯೂನಾನಿ ಏನು ಹೇಳುತ್ತದೆ?

ಆರೋಗ್ಯಕ್ಕೆ ಆರು ಸಂಗತಿಗಳು ಅನಿವಾರ್ಯ ಎಂದು ಯೂನಾನಿ ವೈದ್ಯಪದ್ಧತಿ ಹೇಳುತ್ತದೆ. ಇವನ್ನು 'ಅಸ್ಬಾಬ್-ಎ-ಸಿತ್ತಾ ಝರೂರಿಯ್ಯಾ' ಎನ್ನುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹಕ್ಕೆ ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಹೊರಹಾಕುವುದು. ಇವುಗಳಲ್ಲಿ ಮೊದಲಿನದು ಗಾಳಿ ಎಂಬುದನ್ನು ಗಮನಿಸಿ. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ಸಿಟ್ಟು, ಭಯ, ದುಃಖ, ಚಿಂತೆಗಳು ದೇಹದ ಶಾಖವನ್ನು ಹೇಗೆ ಕದಡುತ್ತವೆ ಎಂದು ವಿವರಿಸಿದ್ದಾರೆ. ಮನಸ್ಸಿನ ವಿಶ್ರಾಂತಿಯನ್ನು ಅವರು ಊಟ, ನಿದ್ರೆಗಳ ಸಾಲಿನಲ್ಲೇ ಇಟ್ಟರು.

ಇಂದಿನ ಸಂಶೋಧನೆಯೂ ಅದೇ ದಿಕ್ಕಿನಲ್ಲಿದೆ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿದರು. ಕಿಟಕಿಯಿಂದ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಮರಗಳು ಕಾಣುತ್ತಿದ್ದವರು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷ ಅಥವಾ ಹೆಚ್ಚು ಹೊತ್ತು ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದದ್ದೇ ಹೆಚ್ಚು. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಿರಬಹುದು ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಖರ್ಚಿಲ್ಲದ ಈ ಮದ್ದನ್ನು ಪ್ರಯೋಗಿಸಲು ಅಡ್ಡಿಯೇನು?

ಪ್ರಮಾಣ ಎಷ್ಟು?

ವಾರದಲ್ಲಿ ನಾಲ್ಕು ದಿನ ಫಜ್ರ್ ನಮಾಝಿನ ನಂತರ 15 ನಿಮಿಷ, ಭಾನುವಾರ ಒಂದು ಗಂಟೆ. ಅಲ್ಲಿಗೆ 120 ನಿಮಿಷ ಆಯಿತು. ದೂರದ ಗಿರಿಧಾಮ ಬೇಕಿಲ್ಲ. ಆಳಂದದವರಿಗೆ ಕೊರಳ್ಳಿಯ ಅಮರ್ಜಾ ಜಲಾಶಯವಿದೆ. ಅದೇ ಅಮರ್ಜಾ ಹರಿದು ಹೋಗಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮಾ ನದಿಯನ್ನು ಸೇರುತ್ತದೆ. ಜೇವರ್ಗಿಯವರಿಗೂ ಭೀಮಾ ನದಿಯೇ ಇದೆ. ಅದೂ ದೂರವಾದರೆ ಊರ ಹೊರಗಿನ ಬೇವಿನ ಮರ, ತೊಗರಿ ಹೊಲದ ಬದು ಸಾಕು. ಮೊಬೈಲ್ ಜೇಬಿನಲ್ಲಿರಲಿ. ನಿಧಾನವಾಗಿ ನಡೆಯಿರಿ, ಕುಳಿತುಕೊಳ್ಳಿ, ಹಕ್ಕಿಗಳ ಸದ್ದು ಕೇಳಿ. ಲೆಕ್ಕಪತ್ರ, ಸಾಲ, ಮೇಲಧಿಕಾರಿಯ ಮಾತು ಆ ಹೊತ್ತಿಗೆ ಬೇಡ.

ಕಾಲಕ್ಕೆ ತಕ್ಕ ಎಚ್ಚರ

* ಬೇಸಿಗೆಯಲ್ಲಿ ನಮ್ಮ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಿನ ಹೊತ್ತು ಅಥವಾ ಬಿಸಿಲು ಇಳಿದ ಮೇಲೆ ಮಾತ್ರ ಹೋಗಿ. ನೀರು ಜೊತೆಗಿರಲಿ, ಮರಳಿದ ಮೇಲೆ ಮಜ್ಜಿಗೆ ಕುಡಿಯಿರಿ.
* ಮಳೆಗಾಲದಲ್ಲಿ ಎರೆ ಭೂಮಿ ಜಾರುತ್ತದೆ, ಹಾವುಗಳ ಭಯವೂ ಇದೆ. ಕಾಲು ಮುಚ್ಚುವ ಬೂಟು ಹಾಕಿ, ಹುಲ್ಲಿನೊಳಗೆ ಇಳಿಯಬೇಡಿ.
* ತೊಗರಿ ಹೂಬಿಡುವ ಕಾಲದಲ್ಲಿ ಔಷಧಿ ಸಿಂಪಡಿಸಿದ ಹೊಲದ ಹತ್ತಿರ ಹೋಗಬೇಡಿ.
* ಬ್ಯಾರೇಜ್ ಗೇಟು ತೆರೆದಾಗ ನೀರು ಒಮ್ಮೆಲೇ ಏರುತ್ತದೆ. ದಂಡೆಯ ಮೇಲೆಯೇ ಇರಿ, ಮಕ್ಕಳನ್ನು ನೀರಿಗೆ ಇಳಿಸಬೇಡಿ.

ಮನೆಯವರನ್ನು ಮರೆಯಬೇಡಿ

ಎರಡು ತಿಂಗಳ ನಂತರ ಆ ರೋಗಿ ಪತ್ನಿಯೊಂದಿಗೆ ಬಂದರು. ನಿದ್ದೆ ಸುಧಾರಿಸಿತ್ತು, ಮುಖ ಹಗುರವಾಗಿತ್ತು. ನಾನು ಖುಷಿಪಡುವಷ್ಟರಲ್ಲಿ ಆಕೆ ಹೇಳಿದರು: "ಇವರು ಭಾನುವಾರ ಹೊಳಿ ದಂಡಿಗಿ ಹೋಗ್ತಾರ್ರಿ. ಆವಾಗ ನಾ ಅಡಗಿ ಮನ್ಯಾಗ ಇರ್ತೀನಿ. ನನಗೂ ತಲಿ ನೋಯ್ತದ. ನನಗ ಯಾರೂ ಕೇಳಿಲ್ಲ."

ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನದು. ಕಚೇರಿಗೆ ಹೋಗುವವರಿಗೆ ಭಾನುವಾರವಾದರೂ ರಜೆ ಇದೆ. ಒಲೆಯ ಮುಂದೆ, ಹೊಲಿಗೆ ಯಂತ್ರದ ಮುಂದೆ ಕುಳಿತವರಿಗೆ ಅದೂ ಇಲ್ಲ. ಹಾಗಾಗಿ ಈಗ ಈ ಸಲಹೆಯನ್ನು ಒಬ್ಬರಿಗೆ ಬರೆಯುವುದಿಲ್ಲ, ಮನೆಗೆ ಬರೆಯುತ್ತೇನೆ. ಭಾನುವಾರ ಬೆಳಗಿನ ಅಡುಗೆಯ ಗಡಿಬಿಡಿ ಬೇಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ತಾಯಿ, ಹೆಂಡತಿ, ಹೆಣ್ಣುಮಕ್ಕಳೊಂದಿಗೆ ಹೊಲಕ್ಕೆ ಹೋಗಿ. ಸೀತನಿಯ ಕಾಲದಲ್ಲಿ ಹೋದರೆ ಮಕ್ಕಳು ಮತ್ತೆ ಮತ್ತೆ ಕೇಳುತ್ತಾರೆ.

ವೈದ್ಯರ ಬಳಿ ಯಾವಾಗ?

ಹೊಳೆಯ ಗಾಳಿ ಔಷಧಿಗೆ ಬದಲಿಯಲ್ಲ. ಬಿ.ಪಿ., ಸಕ್ಕರೆಯ ಗುಳಿಗೆಗಳನ್ನು ನೀವೇ ನಿಲ್ಲಿಸಬೇಡಿ. ಎದೆನೋವು, ಉಸಿರುಗಟ್ಟುವಿಕೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಬರುವ ಭಾನುವಾರ ಎಲ್ಲಿಗೆ ಹೋಗುವಿರಿ ಎಂದು ಇಂದು ರಾತ್ರಿಯೇ ಮನೆಯಲ್ಲಿ ಕೇಳಿ. ಮೊದಲು ಅಡುಗೆಮನೆಯಲ್ಲಿರುವವರನ್ನು ಕೇಳಿ.